ಫೋನು ಕೊಟ್ಟು ಒಳಗೆ ಹೋಗು, ಗೆಳೆಯಾ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ಕುಡಿತ ಬಿಡಿಸುವ ಸೆಂಟರಿಗೆ ಸೇರಲು ಒಪ್ಪಿದ್ದೀಯ ಅಂತ ತಿಳಿದು ಎಷ್ಟು ಸಮಾಧಾನ ಆಯಿತು ಗೊತ್ತಾ? ಆದರೆ ಕೊನೆಯ ಸಾಲು: "ಫೋನ್ ಇಸ್ಕೊಂಡ್‌ಬಿಡ್ತಾರಂತೆ ಕಣೋ, ಅದೊಂದು ನನ್ ಕೈಲಾಗಲ್ಲ." ಕುಡಿತ ಬಿಡಲು ಒಪ್ಪಿದವನು ಫೋನಿಗೆ ಹಟ ಹಿಡಿದದ್ದು ನನಗೇನೂ ವಿಚಿತ್ರ ಅನ್ನಿಸಲಿಲ್ಲ. ನಾನೂ ಅಂಥ ಬಾಗಿಲೊಂದರಿಂದ ಒಳಗೆ ಹೋಗಿ ಬಂದವನೇ. ನಿನ್ನ ಹಾಗೆ ಹೊರಟು ನಿಂತ ಬೇರೆಯವರಿಗೂ ಬೇಕಾದೀತೆಂದು ಈ ಪತ್ರವನ್ನು ನಾಲ್ಕು ಜನ ಓದುವಂತೆ ಹಾಕುತ್ತಿದ್ದೇನೆ. ನಿನ್ನ ಗುರುತು ಎಲ್ಲೂ ಇಲ್ಲ.

ಮೊದಲ ಕೆಲವು ದಿನ ಮೈ ನಿನ್ನ ಮಾತು ಕೇಳುವುದಿಲ್ಲ. ಕೊನೆಯ ಗುಟುಕಾದ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತವೆ. ಬಹುಕಾಲ ಕುಡಿದ ಕೆಲವರಿಗೆ ಎರಡನೇ ಮೂರನೇ ದಿನ ಇಲ್ಲದ್ದೆಲ್ಲ ಕಾಣಿಸುತ್ತದೆ, ಫಿಟ್ಸ್ ಕೂಡ ಬರಬಹುದು. ಅದಕ್ಕೇ ನೀನಾಗಿ ನೀನು ಮನೆಯಲ್ಲೇ ದಿಢೀರನೆ ನಿಲ್ಲಿಸಬೇಡ, ಡಾಕ್ಟರ ಕಣ್ಣೆದುರೇ ಬಿಡು ಅಂತ ನಾನು ಬಡಕೊಂಡದ್ದು. ಆ ಹೊತ್ತಿನಲ್ಲಿ ಕೈಯಲ್ಲಿ ಫೋನಿದ್ದರೆ ಮನುಷ್ಯ ಮಾಡುವುದು ಒಂದೇ ಕೆಲಸ, "ಬಂದು ಕರ್ಕೊಂಡ್ ಹೋಗಿ" ಅಂತ ಮನೆಗೆ ಕರೆ. ಅಳು ಕೇಳಿದ ಮನೆಯವರು ಬಂದೇ ಬರುತ್ತಾರೆ.

ನನ್ನ ಪಕ್ಕದ ಮಂಚದಲ್ಲಿ ಒಬ್ಬ ಹುಡುಗನಿದ್ದ. ನೋಡಲು ಬಂದವರ ಕೈಯಿಂದ ಹೇಗೋ ಒಂದು ಫೋನು ತರಿಸಿಕೊಂಡಿದ್ದ. ರಾತ್ರಿ ಹೊದಿಕೆಯೊಳಗಿಂದ ಬೆಳಕು ಕಂಡು ನಾನು ಎದ್ದು ಕೂತಾಗ ಅವನೇ ತೋರಿಸಿದ. ಹಳೆಯ ಗುಂಪಿನವರು ಕಳಿಸಿದ ಫೋಟೊ: ಮೇಜಿನ ಮೇಲೆ ಗ್ಲಾಸುಗಳು, ಕಡಲೆಕಾಯಿ ಸಿಪ್ಪೆ, ಕೆಳಗೆ "ನಿನ್ ಜಾಗ ಹಾಗೇ ಇಟ್ಟಿದೀವಿ ಗುರು". ಕಳಿಸಿದವರಲ್ಲಿ ಕೇಡಿರಲಿಲ್ಲ, ಪ್ರೀತಿಯೇ ಇತ್ತು. ಆದರೆ ಅವನ ಹೆಬ್ಬೆರಳು ಆ ಫೋಟೊದ ಮೇಲೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಬೆಳಗಾಗುವಷ್ಟರಲ್ಲಿ ಬ್ಯಾಗು ಕಟ್ಟಿದ್ದ. ಕೌನ್ಸೆಲರ್ ಎಷ್ಟು ಕೂರಿಸಿ ಹೇಳಿದರೂ ಕೇಳದೆ, ಸ್ವಂತ ಜವಾಬ್ದಾರಿ ಅಂತ ಸಹಿ ಹಾಕಿ ಹೊರಟುಹೋದ.

ಮನಸ್ಸು ಗಟ್ಟಿ ಇರಲಿಲ್ಲ ಅಂತ ಅವನನ್ನು ಬೈಯುವುದು ತಪ್ಪು. 1940ರ ದಶಕದಲ್ಲೇ ಅಬ್ರಹಾಂ ವಿಕ್ಲರ್ ಎಂಬ ಅಮೆರಿಕದ ವೈದ್ಯ ಒಂದು ಸಂಗತಿ ಗಮನಿಸಿದ್ದ. ಮಾದಕವಸ್ತು ಬಿಟ್ಟು ಬಹಳ ದಿನ ಆದವರು ಕೂಡ, ಗುಂಪಿನಲ್ಲಿ ಅದರ ಮಾತು ಬಂದ ಕೂಡಲೇ ಆಕಳಿಸುತ್ತಿದ್ದರು, ಮೂಗು ಸೋರುತ್ತಿತ್ತು, ಕಣ್ಣಲ್ಲಿ ನೀರಾಡುತ್ತಿತ್ತು. ಬರೀ ಮಾತಿಗೇ ಮೈ ಹಾಗೆ ಎದ್ದು ನಿಲ್ಲುವುದಾದರೆ, ಇನ್ನು ಫೋಟೊ, ವಾಯ್ಸ್ ಮೆಸೇಜು, ಮಾರುವವನ ನಂಬರು?

ಇದರ ಇನ್ನೊಂದು ಮುಖವನ್ನೂ ನೋಡು. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ಚಟ ಹತ್ತಿಸಿಕೊಂಡ ಅಮೆರಿಕದ ಸೈನಿಕರು 1971ರಲ್ಲಿ ಊರಿಗೆ ಮರಳಿದರು. ಅವರ ಬೆನ್ನುಹತ್ತಿ ವಿಚಾರಿಸಿದ ಲೀ ರಾಬಿನ್ಸ್ ಎಂಬ ಸಂಶೋಧಕಿಗೆ, ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ 5ರಷ್ಟು ಮಾತ್ರ ಎಂದು ಕಂಡಿತು. ಕಾರಣ ಹಲವಿದ್ದವು, ನಿಜ. ಆದರೆ ಆ ಜಾಗ, ಆ ಜೊತೆಗಾರರು, ಆ ದಿನಚರಿ ಹಿಂದೆ ಉಳಿದದ್ದು ಸಣ್ಣ ಕಾರಣವಲ್ಲ. ಸೆಂಟರಿನಲ್ಲಿ ನಿನಗೆ ಸಿಗುವುದೂ ಮುಖ್ಯವಾಗಿ ಅದೇ, ಬೇರೆ ಜಾಗ. ಫೋನು ಜೊತೆಗಿದ್ದರೆ ಆ ಹಳೆಯ ಜಾಗವನ್ನು ಜೇಬಿನಲ್ಲಿ ಹೊತ್ತುಕೊಂಡೇ ಒಳಗೆ ಹೋದ ಹಾಗಾಯಿತು.

ಮತ್ತೆ, ಅಲ್ಲಿ ನೀನೊಬ್ಬನೇ ಇರುವುದಿಲ್ಲ. ಮಗುವಿಗೆ ಹೊಡೆದದ್ದನ್ನು, ಮನೆಯಲ್ಲಿ ಕದ್ದದ್ದನ್ನು ಜನ ಅಲ್ಲಿ ಅಳುತ್ತಾ ಹೇಳಿಕೊಳ್ಳುತ್ತಾರೆ. ಆ ಕೋಣೆಯಲ್ಲಿ ಒಂದು ಕ್ಯಾಮೆರಾ ಇದೆ ಅಂತ ಗೊತ್ತಾದರೆ ಯಾರು ಬಾಯಿ ಬಿಡುತ್ತಾರೆ? ನಿನ್ನ ವಿಡಿಯೊ ಕಾಲಿನ ಹಿನ್ನೆಲೆಯಲ್ಲಿ ಹಾದುಹೋದವನು ನೋಡುವವರಲ್ಲಿ ಯಾರಿಗಾದರೂ ಗುರುತಿನವನಾಗಿದ್ದರೆ ಅವನ ಕೆಲಸವೇ ಹೋಗಬಹುದು.

ಹಾಗಂತ ಎಲ್ಲ ಸೆಂಟರುಗಳ ಎಲ್ಲ ನಿಯಮಕ್ಕೂ ತಲೆಯಾಡಿಸು ಅನ್ನುತ್ತಿಲ್ಲ. ಫೋನು ಕೊಡುವುದು ಬೇರೆ, ಹೊರಗಿನ ನಂಟನ್ನೇ ಕಡಿದುಹಾಕುವುದು ಬೇರೆ. ಸೇರುವ ಮೊದಲೇ ಬಾಯಿಬಿಟ್ಟು ಕೇಳು: ಮನೆಗೆ ಯಾವಾಗ, ಎಷ್ಟು ಹೊತ್ತು ಮಾತಾಡಬಹುದು? ತುರ್ತಿದ್ದರೆ ಮನೆಯವರು ಯಾವ ನಂಬರಿಗೆ ಮಾಡಬೇಕು? ನನಗೇನಾದರೂ ಅನ್ಯಾಯವಾದರೆ ಹೊರಗಿನ ಯಾರಿಗೆ ಹೇಳಲಿ? ಇದಕ್ಕೆಲ್ಲ ನೇರ ಉತ್ತರ ಕೊಡದವರು, ಶಿಕ್ಷೆಯೆಂದು ಮನೆಯ ಕರೆಯನ್ನೇ ನಿಲ್ಲಿಸುವವರು ಚಿಕಿತ್ಸೆ ಕೊಡುತ್ತಿಲ್ಲ. ಅಂಥ ಕಡೆ ಸೇರಲೇಬೇಡ, ಬೇರೆಯದನ್ನು ಇಬ್ಬರೂ ಸೇರಿ ಹುಡುಕೋಣ.

ಈಗ ಕೆಲಸದ ಮಾತು. ಬೇಕಾದ ನಂಬರುಗಳನ್ನು ಕಾಗದದ ಮೇಲೆ ಬರೆದುಕೋ. ನಮಗ್ಯಾರಿಗೂ ಈಗ ಒಂದೂ ಬಾಯಿಪಾಠ ಇಲ್ಲ. ಕೈಗೆ ಒಂದು ವಾಚು ಕಟ್ಟಿಕೋ. ಆಫೀಸಿನಲ್ಲಿ ನಂಬಿಕಸ್ಥರೊಬ್ಬರಿಗೆ ಮಾತ್ರ ರಜೆಯ ವಿಷಯ ತಿಳಿಸು. ಕಂತು, ಬಿಲ್ಲು ಏನಿದ್ದರೂ ಮೊದಲೇ ಕಟ್ಟಿಬಿಡು, ಒಟಿಪಿಗೆ ಅಂತ ಫೋನು ಕೇಳುವ ನೆಪ ಉಳಿಯಬಾರದು. ಕುಡಿತದ ಗ್ರೂಪುಗಳಿಂದ ಈಗಲೇ ಹೊರಗೆ ಬಾ, ಆ ನಂಬರುಗಳನ್ನು ನಿನ್ನ ಕೈಯಾರೆ ಅಳಿಸು. ವಾಪಸ್ ಬಂದ ಮೇಲೆ ಮಾಡ್ತೀನಿ ಅನ್ನಬೇಡ. ಚಿಕಿತ್ಸೆ ಮುಗಿಸಿ ಬಂದವನ ಕೈಗೆ ಮೊದಲು ಬರುವುದೇ ಆ ಫೋನು.

ಬಂದ ಮೇಲೆ ಅದೇ ಫೋನು ಆಸರೆಯೂ ಆದೀತು. ವಸತಿ ಚಿಕಿತ್ಸೆ ಮುಗಿಸಿ ಹೊರಟ 349 ಮಂದಿ ಕುಡಿತದ ರೋಗಿಗಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಕೆಲವರಿಗೆ ಎ-ಚೆಸ್ ಎಂಬ ಆ್ಯಪ್ ಇದ್ದ ಫೋನು ಕೊಟ್ಟಿದ್ದರು. ಆಸೆ ಕೆರಳಿದಾಗ ಒತ್ತಲು ಒಂದು ಬಟನ್, ಹಳೆಯ ಅಡ್ಡೆಯ ಹತ್ತಿರ ಹೋದರೆ ಎಚ್ಚರಿಕೆ, ತನ್ನಂಥವರ ಜೊತೆ ಮಾತು. ಆ ಗುಂಪಿನವರು ಮಿತಿಮೀರಿ ಕುಡಿದ ದಿನಗಳು ತಿಂಗಳಿಗೆ ಸರಾಸರಿ 1.39, ಉಳಿದವರದು 2.75. ಸೆಂಟರಿನಿಂದ ಹೊರಡುವಾಗ ಯಾರ ನಂಬರುಗಳು ಮೊದಲಿಗೆ ಇರಬೇಕು ಅಂತ ನಿನ್ನ ಕೌನ್ಸೆಲರ್ ಜೊತೆ ಕೂತು ಗೊತ್ತುಮಾಡಿಕೋ.

ಉಳಿದದ್ದು ಮಗಳ ವಿಷಯ. ನಿನ್ನ ಹಟದ ಬೇರು ಅಲ್ಲೇ ಇದೆ ಅಂತ ನನಗೆ ಗೊತ್ತು. ಕರೆಯ ಹೊತ್ತು ತಿಳಿದ ಕೂಡಲೇ ನಿನ್ನ ಹೆಂಡತಿಗೆ ಹೇಳು, ಆ ಹೊತ್ತಿಗೆ ಮಗು ಆಟಕ್ಕೆ ಹೋಗದೆ ಮನೆಯಲ್ಲೇ ಇರಲಿ. ಅವಳ ಫೋಟೊ ಒಂದನ್ನು ಪ್ರಿಂಟ್ ಹಾಕಿಸಿ ಬ್ಯಾಗಿನಲ್ಲಿಟ್ಟುಕೋ. ಅಪ್ಪ ಎಲ್ಲಿ ಅಂದರೆ "ಹುಷಾರಿಲ್ಲ, ಔಷಧಿ ತಗೊಳ್ಳೋಕೆ ಹೋಗಿದಾರೆ" ಅನ್ನಿ, ಅದು ಸುಳ್ಳಲ್ಲ. ಅಡ್ಮಿಷನ್ ದಿನ ನಾನೂ ಜೊತೆಗೆ ಬರುತ್ತೇನೆ. ಎಷ್ಟು ಗಂಟೆಗೆ ಹೊರಡಬೇಕು ಅಂತ ತಿಳಿಸು.

ಇಂತಿ ನಿನ್ನ
ಗೆಳೆಯ