ಕರೆದರೆ ಬಾರದ ನಾಯಿಗೆ ಏಟು ಮದ್ದಲ್ಲ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯ ಸಾಕುಪ್ರಾಣಿ ಅಂಕಣದಲ್ಲಿ ಓದುಗರೊಬ್ಬರು, ‘ನಮ್ಮ ಲ್ಯಾಬ್ರಡಾರ್ ಮನೆಯೊಳಗೆ ಹೇಳಿದ ಮಾತು ಕೇಳುತ್ತದೆ, ಮೈದಾನದಲ್ಲಿ ಬಿಟ್ಟರೆ ಎಷ್ಟು ಕೂಗಿದರೂ ಬರುವುದಿಲ್ಲ, ಏನು ಮಾಡಲಿ?’ ಎಂದು ಕೇಳಿದ್ದರು. ‘ನಾಯಿ ಮೊಂಡು ಬಿದ್ದಿದೆ, ಯಜಮಾನ ಯಾರೆಂದು ತೋರಿಸಿ, ಚೋಕ್ ಚೈನ್ (ಎಳೆದರೆ ಕೊರಳು ಬಿಗಿಯುವ ಸರಪಳಿ) ಹಾಕಿ’ ಎಂಬ ಉತ್ತರ ಅಚ್ಚಾಗಿತ್ತು. ಪೊಲೀಸ್ ಶ್ವಾನದಳದಲ್ಲಿ ಹ್ಯಾಂಡ್ಲರ್ ಆಗಿ ದುಡಿದು ನಿವೃತ್ತನಾದವನು ನಾನು. ಓದಿ ಸುಮ್ಮನಿರಲು ಆಗಲಿಲ್ಲ.

ಆ ನಾಯಿಯನ್ನು ನಾನು ಕಂಡಿಲ್ಲ. ಆದರೆ ಅಲ್ಲಿ ಏನಾಗುತ್ತಿರಬಹುದು ಎಂದು ಊಹಿಸಬಲ್ಲೆ. ನಮ್ಮ ಧಾರವಾಡದ ಬಡಾವಣೆಗಳಲ್ಲಿ ದಿನಾ ಬೆಳಿಗ್ಗೆ ಅದನ್ನೇ ನೋಡುತ್ತೇನೆ. ಸರಪಳಿ ಬಿಚ್ಚುತ್ತಾರೆ. ನಾಯಿ ಓಡುತ್ತದೆ, ಮೂಸುತ್ತದೆ, ಇನ್ನೊಂದು ನಾಯಿ ಸಿಕ್ಕರೆ ಆಡುತ್ತದೆ. ಅಷ್ಟು ಹೊತ್ತೂ ಮಾಲೀಕರ ಕಣ್ಣು ಮೊಬೈಲ್ ಮೇಲೆ. ಆಫೀಸಿಗೆ ಹೊತ್ತಾಯಿತು ಅನ್ನುವಾಗ ‘ಕಮ್, ಕಮ್’ ಶುರು. ಬಂದರೆ ಕೊರಳಿಗೆ ಸರಪಳಿ. ತಡವಾಗಿ ಬಂದರೆ ಮೇಲೊಂದು ಏಟು. ಬಂದಾಗಲೆಲ್ಲ ಆಟ ಮುಗಿಯಿತು, ಬಾರದೆ ಉಳಿದಷ್ಟು ಹೊತ್ತು ಆಟ ಸಿಕ್ಕಿತು. ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ ನಾಯಿ ಯಾವುದನ್ನು ಆರಿಸಿಕೊಳ್ಳಬೇಕು? ಅದೇ ನಾಯಿ ಮನೆಯೊಳಗೆ ಕರೆದರೆ ಓಡಿ ಬರುವುದು, ಅಲ್ಲಿ ಕರೆಯ ಹಿಂದೆ ಊಟದ ತಟ್ಟೆ ಇರುವುದರಿಂದ. ಓಡಿಹೋದದ್ದಕ್ಕೆ ಹೊಡೆದೆ ಎಂದು ಮಾಲೀಕರು ಅಂದುಕೊಳ್ಳುತ್ತಾರೆ. ಆದರೆ ಏಟು ಬಿದ್ದದ್ದು ನಾಯಿ ಹತ್ತಿರ ಬಂದ ಗಳಿಗೆಯಲ್ಲಿ.

ಇದು ನನ್ನ ಸ್ವಂತ ಸಿದ್ಧಾಂತವೇನಲ್ಲ. ಬೆಕ್ಕುಗಳನ್ನು ಪೆಟ್ಟಿಗೆಯೊಳಗಿಟ್ಟು, ಅವು ಹೊರಬರುವ ಉಪಾಯ ಕಲಿಯುವುದನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲೇ ದಾಖಲಿಸಿದ್ದರು: ಫಲ ಕೊಟ್ಟ ಕೆಲಸ ಉಳಿಯುತ್ತದೆ, ಕೊಡದ್ದು ಉದುರುತ್ತದೆ. 1961ರಲ್ಲಿ ಅದೇ ದೇಶದ ಇನ್ನೊಬ್ಬ ಮನೋವಿಜ್ಞಾನಿ ರಿಚರ್ಡ್ ಹರ್ನ್‌ಸ್ಟೈನ್ ಪಾರಿವಾಳಗಳ ಮುಂದೆ, ಕುಕ್ಕಿದರೆ ಆಗಾಗ ಕಾಳು ಸಿಗುವ ಎರಡು ಗುಂಡಿಗಳನ್ನು (ಬಟನ್) ಇಟ್ಟರು. ಒಟ್ಟು ಸಿಕ್ಕ ಕಾಳಿನಲ್ಲಿ ಯಾವ ಗುಂಡಿಯ ಪಾಲು ಎಷ್ಟೋ, ಹಕ್ಕಿಗಳು ಹೆಚ್ಚುಕಡಿಮೆ ಅಷ್ಟೇ ಪಾಲು ಕುಕ್ಕನ್ನು ಅದಕ್ಕೆ ಕೊಟ್ಟವು. ಮೈದಾನದ ನಾಯಿಗೂ ಎರಡು ಗುಂಡಿಗಳಿವೆ, ಒಂದು ನೀವು, ಇನ್ನೊಂದು ಮೈದಾನ.

ಶ್ವಾನದಳದಲ್ಲಿ ಇದು ನಿತ್ಯದ ಕೆಲಸ. ಸ್ಫೋಟಕ ಪತ್ತೆಯ ನಾಯಿ ವಾಸನೆ ಸಿಕ್ಕ ಜಾಗದಲ್ಲಿ ಕೆರೆಯಬಾರದು, ಬೊಗಳಬಾರದು, ಸುಮ್ಮನೆ ಕೂರಬೇಕು. ಕೂತರೆ ಚೆಂಡು, ಜೊತೆಗೆ ಬಾಯ್ತುಂಬ ಹೊಗಳಿಕೆ. ಆದರೆ ನಿಜವಾದ ಡ್ಯೂಟಿಯಲ್ಲಿ, ರೈಲು ನಿಲ್ದಾಣವಾಗಲಿ ಮಂತ್ರಿಗಳ ಸಭೆಯಾಗಲಿ, ಏನೂ ಸಿಗದ ದಿನಗಳೇ ಹೆಚ್ಚು (ಸಿಗದಿರಲಿ ಎಂದೇ ನಮ್ಮ ಪ್ರಾರ್ಥನೆಯೂ). ಹುಡುಕಿ ಹುಡುಕಿ ಏನೂ ಸಿಗದ ನಾಯಿ ಕ್ರಮೇಣ ಮೂಗು ಎತ್ತಿ ನಡೆಯತೊಡಗುತ್ತದೆ. ಅದಕ್ಕೇ ಕೆಲಸದ ಕೊನೆಗೆ ತರಬೇತಿಯ ಸ್ಯಾಂಪಲ್ ಒಂದನ್ನು ಬಚ್ಚಿಟ್ಟು, ಅದರ ಕೈಲೇ ಹುಡುಕಿಸಿ, ಚೆಂಡು ಕೊಡುವುದು. ಇದಕ್ಕೆ ಉಲ್ಟಾ ತೊಂದರೆಯೂ ಇದೆ. ಹ್ಯಾಂಡ್ಲರ್ ಅವಸರಪಟ್ಟು, ವಾಸನೆ ಇಲ್ಲದ ಕಡೆ ನಾಯಿ ಕೂತಾಗಲೂ ಚೆಂಡು ಎಸೆದುಬಿಟ್ಟರೆ, ಮುಂದೆ ಅದು ವಾಸನೆ ಬಿಟ್ಟು ಹ್ಯಾಂಡ್ಲರ್ ಮುಖ ನೋಡಿ ಕೂರುವುದನ್ನು ಕಲಿಯುತ್ತದೆ. ಅಂಥ ನಾಯಿಯನ್ನು ನಂಬಿ ಯಾವ ವೇದಿಕೆಗೆ ಯಾರನ್ನು ಹತ್ತಿಸುತ್ತೀರಿ?

ಮನೆಗಳಲ್ಲಿ ಊಟದ ಹೊತ್ತಿನ ಬೊಗಳಾಟವೂ ಇದೇ ಜಾತಿಯದು. ‘ನಾವು ಕೊಡಂಗಿಲ್ರಿ, ಯಾವಾಗರೆ ಒಂದ್ ತುಣುಕು ರೊಟ್ಟಿ ಅಷ್ಟೇ’ ಅನ್ನುತ್ತಾರೆ. ದಿನಾ ಕೊಡುತ್ತಿದ್ದು ನಿಲ್ಲಿಸಿದರೆ ನಾಯಿ ಬೇಗ ಬಿಟ್ಟೀತು. ಯಾವಾಗಲೋ ಒಮ್ಮೆ ಸಿಗುವುದನ್ನು ಸುಲಭಕ್ಕೆ ಬಿಡುವುದಿಲ್ಲ. ಮಟಕಾ ಆಡುವವರನ್ನು ಹಿಡಿದು ಹಿಡಿದು ಸಾಕಾದ ಇಲಾಖೆಯವನಿಗೆ ಇದನ್ನು ಬೇರೆ ಯಾರೂ ವಿವರಿಸಬೇಕಿಲ್ಲ. ಪೂರ್ತಿ ನಿಲ್ಲಿಸಿದ ಮೊದಲ ಕೆಲವು ದಿನ ಬೊಗಳುವುದು ಹೆಚ್ಚಾಗುತ್ತದೆ. ಆಗ ಅಜ್ಜಿಯೋ ಮೊಮ್ಮಗನೋ ಕನಿಕರಪಟ್ಟು ತುಣುಕು ಎಸೆದರೋ, ಇನ್ನೂ ಜೋರಾಗಿ ಬೊಗಳಿದರೆ ಸಿಗುತ್ತದೆ ಎಂಬ ಪಾಠವಾಯಿತು.

ಮುಧೋಳ ನಾಯಿ ಮಾತು ಕೇಳುವುದಿಲ್ಲ ಎಂಬ ದೂರೂ ನಮ್ಮ ಭಾಗದಲ್ಲಿ ಬಹಳ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ ಅದು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. ಕಣ್ಣಿನಿಂದ ಬೇಟೆ ಗುರುತಿಸಿ ಅಟ್ಟಿಸಿಕೊಂಡು ಹೋಗಲು ಬೆಳೆಸಿದ ನಾಯಿಗೆ ಓಟವೇ ಸಂಭಾವನೆ. ಮೊಲ ಕೈಗೆ ಸಿಗದಿದ್ದರೂ ಅಟ್ಟಿದ ಸುಖ ಸಿಕ್ಕೇ ಸಿಗುತ್ತದೆ, ಅದನ್ನು ತಡೆಹಿಡಿಯುವುದು ನಿಮ್ಮ ಕೈಯಲ್ಲಿಲ್ಲ. ಆದ್ದರಿಂದ ಕರೆಗೆ ಬರುವುದು ಗಟ್ಟಿಯಾಗುವ ತನಕ ಇಂಥ ನಾಯಿಯನ್ನು ಬಯಲಿಗೆ ಬಿಡಲೇಬಾರದು. ಪ್ರತಿ ಓಟವೂ ಮುಂದಿನ ಓಟಕ್ಕೆ ಬಲ ತುಂಬುತ್ತದೆ.

ಚೋಕ್ ಚೈನ್ ಎಳೆದರೆ ನಾಯಿ ಆ ಹೊತ್ತಿಗೆ ನಿಲ್ಲಬಹುದು, ಇಲ್ಲ ಎನ್ನುವುದಿಲ್ಲ. ಆದರೆ ಇಪ್ಪತ್ತು ಮಾರು ದೂರ ಬಿಟ್ಟ ನಾಯಿಯ ಚೈನ್ ಎಳೆಯುವವರು ಯಾರು? ನೋವು ಯಾರ ಹತ್ತಿರ ಬಂದಾಗ ಆಗುತ್ತದೆ ಎಂಬುದನ್ನಂತೂ ಅದು ಚೆನ್ನಾಗಿ ನೆನಪಿಡುತ್ತದೆ. ಕೊರಳಿಗೆ ಪೆಟ್ಟಾಗುವ ಅಪಾಯ ಬೇರೆ. ತಾವು ಆ ಅಂಕಣದಲ್ಲಿ ಒಂದು ತಿದ್ದುಪಡಿ ಹಾಕಿದರೆ ಒಳ್ಳೆಯದು.

ಪ್ರಶ್ನೆ ಕೇಳಿದ ಓದುಗರಿಗೆ ನಾನು ಹೇಳುವುದಿಷ್ಟು. ಮೈದಾನದಲ್ಲಿ ‘ಕಮ್’ ಕೆಟ್ಟುಹೋಗಿದೆ. ಅದನ್ನು ಬಿಟ್ಟು ಸೀಟಿಯನ್ನೋ ಬೇರೆ ಕೂಗನ್ನೋ ಹೊಸದಾಗಿ ಶುರುಮಾಡಿ. ಮೊದಲು ಮನೆಯೊಳಗೆ, ಆಮೇಲೆ ಅಂಗಳದಲ್ಲಿ, ಕೊನೆಗೆ ಮೈದಾನದಲ್ಲಿ, ಅದೂ ಎದೆಪಟ್ಟಿಗೆ ಉದ್ದ ಹಗ್ಗ ಕಟ್ಟಿ. ಬಂದ ಕೂಡಲೇ ತಿನಿಸು ಕೊಟ್ಟು ಮತ್ತೆ ಆಟಕ್ಕೆ ಬಿಡಿ. ಸರಪಳಿ ಹಾಕುವುದು ಹಲವು ಕರೆಗಳಲ್ಲಿ ಒಂದಕ್ಕೆ ಮಾತ್ರ ಇರಲಿ. ಬಾರದಿದ್ದರೆ ಕೂಗುತ್ತಲೇ ಇರಬೇಡಿ, ಹಗ್ಗ ಹಿಡಿದು ಹತ್ತಿರ ಹೋಗಿ, ಮುಂದಿನ ಸಲ ಕಡಿಮೆ ದೂರದಿಂದ ಕರೆಯಿರಿ. ತಿನಿಸಿನಲ್ಲಿ ಜಿಪುಣತನ ಬೇಡ. ಒಣ ಬಿಸ್ಕತ್ತಿಗೆ ಮೈದಾನ ಬಿಟ್ಟು ಬರುವ ಲ್ಯಾಬ್ರಡಾರ್‌ಗಳೂ ಇವೆ, ಆದರೆ ನಿಮ್ಮದು ಅಂಥದ್ದಲ್ಲ ಎಂದು ಕಾಣುತ್ತದೆ. ಉಪ್ಪು, ಖಾರ, ಈರುಳ್ಳಿ ಹಾಕದೆ ಬೇಯಿಸಿ ಎಲುಬು ತೆಗೆದ ಕೋಳಿ ಒಯ್ಯಿರಿ, ಮನೆಯಲ್ಲಿ ಮಾಂಸ ನಡೆಯದಿದ್ದರೆ ಪನೀರ್ ಚೂರುಗಳು ಸಾಕು.

– ನಿವೃತ್ತ ಶ್ವಾನದಳ ಸಿಬ್ಬಂದಿ, ಧಾರವಾಡ