ಹಿರಿಯರಿಗೆ ಹಂಚಿದ ಟಾರ್ಚು

ಮಾನ್ಯ ಸಂಪಾದಕರೇ,

ಹೋದ ವರ್ಷ ನಮ್ಮ ಭಾಗದ ಕನ್ನಡ ಸಂಘವೊಂದು ವಾರ್ಷಿಕೋತ್ಸವದಲ್ಲಿ ಎಪ್ಪತ್ತು ದಾಟಿದವರನ್ನೆಲ್ಲ ವೇದಿಕೆಗೆ ಕರೆದು, ಶಾಲು ಹೊದಿಸಿ, ಹಣ್ಣಿನ ಜೊತೆ ಒಂದೊಂದು ಚಾರ್ಜಿಂಗ್ ಟಾರ್ಚನ್ನೂ ಕೊಟ್ಟಿತು. ಅವರ ಮನಸ್ಸಿಗೆ ನನ್ನ ನಮಸ್ಕಾರ. ಆದರೆ ಆ ಟಾರ್ಚಿನ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ, 31 ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ದುಡಿದವನಿಗೆ ಸಮಾಧಾನವಿಲ್ಲ.

ಈ ಮಳೆಗಾಲದ ಒಂದು ರಾತ್ರಿ ಕರೆಂಟು ಹೋಯಿತು. ಮೂರನೇ ಮಾಳಿಗೆಯ ರಾಯರು ಗೋಡೆ ಸವರಿಕೊಂಡು ಇಳಿದು ಬಂದು, "ನಿಮ್ಮದಾದ್ರೂ ಹತ್ತುತ್ತಾ ಮಾರಾಯ್ರೇ?" ಎಂದರು. ನನ್ನದೂ ಹತ್ತಲಿಲ್ಲ. ಇಬ್ಬರೂ ಅದನ್ನು ಡಬ್ಬಿ ಸಮೇತ ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದೆವು. ಅದೇ ತಪ್ಪಾಗಿದ್ದು.

ಮರುದಿನ ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ (ಕ್ಷಮಿಸಿ, ನಿಮ್ಮದೇ ಪತ್ರಿಕೆ) ಟಾರ್ಚು ಬಿಚ್ಚಿದೆ. ಒಳಗೆ 4 ವೋಲ್ಟಿನ ಪುಟ್ಟ ಲೆಡ್ ಆ್ಯಸಿಡ್ ಬ್ಯಾಟರಿ. ಈ ಜಾತಿಯ ಬ್ಯಾಟರಿ ಚಾರ್ಜ್ ಇಳಿದು ತಿಂಗಳುಗಟ್ಟಲೆ ಬಿದ್ದಿದ್ದರೆ ಸೀಸದ ತಟ್ಟೆಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಹೊತ್ತು ಪ್ಲಗ್ಗಿಗೆ ಸಿಕ್ಕಿಸಿದರೂ ಚಾರ್ಜ್ ಹಿಡಿಯುವುದಿಲ್ಲ. ಆಪತ್ತಿಗೆಂದು ಎತ್ತಿಡುವ ಟಾರ್ಚಿಗೆ, ಎತ್ತಿಟ್ಟರೆ ಸಾಯುವ ಬ್ಯಾಟರಿ! ಬದಲಿಸೋಣವೆಂದರೆ ವೈರುಗಳನ್ನು ಬೆಸೆದು ಮೇಲೆ ಅಂಟು ಸುರಿದಿದ್ದಾರೆ. ಇನ್ನೂ ಹೆದರಿಸಿದ್ದು ಚಾರ್ಜಿಂಗ್ ಭಾಗ. ಗೋಡೆಯ ಕರೆಂಟನ್ನು ತಗ್ಗಿಸಿ ಬೇರೆಯಾಗಿಡುವ ಟ್ರಾನ್ಸ್‌ಫಾರ್ಮರ್ ಇಲ್ಲವೇ ಇಲ್ಲ, ಗೋಡೆಯ 230 ವೋಲ್ಟಿಗೂ ಬ್ಯಾಟರಿಗೂ ನಡುವೆ ಇರುವುದು ಒಂದು ಕೆಪಾಸಿಟರು, ನಾಲ್ಕು ಡಯೋಡು. ಪ್ಲಗ್ಗಿನಲ್ಲಿರುವಾಗ ಒಳಗಿನ ತಂತಿ ತಾಗಿದರೆ ಶಾಕ್ ಹೊಡೆಯುತ್ತದೆ. ಕಾಪಾಡಬೇಕಾದ ಪ್ಲಾಸ್ಟಿಕ್ಕು ಹೆಬ್ಬೆರಳಲ್ಲಿ ಒತ್ತಿದರೆ ಬಗ್ಗುವಂಥದ್ದು. ಕೈ ನಡುಗುವ ವಯಸ್ಸಿನವರು ಇದನ್ನು ಎಷ್ಟು ಸಲ ಕೆಳಗೆ ಬೀಳಿಸುತ್ತಾರೋ.

2005ರ ಜುಲೈ 26ರಂದು, ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ, ನನ್ನ ಹಿತ್ತಾಳೆ ಟಾರ್ಚು ಕುರ್ಲಾದ ಕಟ್ಟಡವೊಂದರ ಲಿಫ್ಟಿನ ತಳದ ಹೊಂಡದಲ್ಲಿ ನೀರುಪಾಲಾಯಿತು. ಆಮೇಲೆ ಮುಂಬಯಿಯ ಎಲೆಕ್ಟ್ರಿಕ್ ಸಾಮಾನಿನ ಪೇಟೆ ಲೋಹಾರ್ ಚಾಳ್‌ನಲ್ಲಿ ಕೊಂಡ ಅಲ್ಯೂಮಿನಿಯಂ ಟಾರ್ಚು ಈಗಲೂ ನನ್ನ ದಿಂಬಿನ ಪಕ್ಕದಲ್ಲಿದೆ. ಕೈಬೆರಳಿಗಿಂತ ಸ್ವಲ್ಪ ಉದ್ದ, ಒಂದೇ ಪೆನ್ಸಿಲ್ ಸೆಲ್. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಸೆಲ್ಲು ಕೊಡುವುದು 1.5. ಅದನ್ನು ಏರಿಸುವ ಸರ್ಕ್ಯೂಟು ತಲೆಯೊಳಗೇ ಇದೆ. ಎಣ್ಣೆಗೈಯಲ್ಲೂ ಜಾರದಂತೆ ಮೈಗೆಲ್ಲ ಒರಟು ಗೀರುಗಳು, ತಿರುಪಿನ ಬುಡದಲ್ಲಿ ನೀರು ತಡೆಯುವ ರಬ್ಬರ್ ರಿಂಗು. ತಲೆ ದುಂಡಗಿಲ್ಲ, ಆರು ಮೂಲೆ. ಲಿಫ್ಟಿನ ನೆತ್ತಿಯ ಮೇಲೆ ಇಟ್ಟ ದುಂಡು ಟಾರ್ಚು ಉರುಳಿ, ಏಳು ಮಾಳಿಗೆ ಕೆಳಗೆ ಬಿದ್ದ ಸದ್ದು ಕೇಳಿದವನಿಗೆ ಆ ಆರು ಮೂಲೆಯ ಬೆಲೆ ಗೊತ್ತು.

ಅದೂ ಒಮ್ಮೆ ಕೈಕೊಟ್ಟಿತ್ತು, ತಪ್ಪು ನನ್ನದು. ಊರಿಗೆ ಹೋದವನು ಎರಡು ತಿಂಗಳು ಖಾಲಿಯಾದ ಆಲ್ಕಲೈನ್ ಸೆಲ್ಲನ್ನು ಒಳಗೇ ಬಿಟ್ಟಿದ್ದೆ. ಬಂದು ನೋಡಿದರೆ ಸೆಲ್ಲು ಸೋರಿ, ಸ್ಪ್ರಿಂಗಿನ ಮೇಲೆ ಉಪ್ಪು ಕಟ್ಟಿದಂತೆ ಬಿಳಿ ಪುಡಿ. ಅದು ಕ್ಷಾರ, ಆದ್ದರಿಂದ ಕಿವಿಕಡ್ಡಿಗೆ ನಿಂಬೆರಸ ಅದ್ದಿ ಉಜ್ಜಿದೆ. "ಸಾರಿಗೆ ತಂದ ನಿಂಬೆ ಅದು" ಎಂದು ಒಳಗಿನಿಂದ ಗೊಣಗಾಟ ಕೇಳಿಸಿತು. ಒರೆಸಿ ಒಣಗಿಸಿದ ಮೇಲೆ ಹತ್ತಿತು. ಬಿಚ್ಚಲು ಬಂದದ್ದರಿಂದ ಬದುಕಿತು.

ಈಗ ಡಬ್ಬಿಗಳ ಮೇಲೆ ಲೂಮೆನ್ ಲೆಕ್ಕವೇ, ಅಂದರೆ ಎಷ್ಟು ಬೆಳಕು ಚೆಲ್ಲುತ್ತದೆ ಎಂಬುದೇ, ದೊಡ್ಡದು. ಕತ್ತಲೆಯ ಮೆಟ್ಟಿಲಿಳಿಯಲು ನಮಗೆ ಸರ್ಚ್‌ಲೈಟ್ ಬೇಕಿಲ್ಲ. ಕೆಳಗಿನ ಕಿರಾಣಿ ಅಂಗಡಿಯಲ್ಲಿ ಸಿಗುವ ಸೆಲ್ಲು ಹಾಕಿದರೆ ಹತ್ತುವ ಟಾರ್ಚು ಸಾಕು. ಸಂಘದವರು ಮುಂದಿನ ಸಲ ಕೊಳ್ಳುವ ಮುನ್ನ ಒಂದು ಸ್ಯಾಂಪಲ್ ನನ್ನ ಮನೆಗೆ ಕಳಿಸಲಿ. ಬಿಚ್ಚಿ ನೋಡಿ, ಮತ್ತೆ ಜೋಡಿಸಿ ಕೊಡುತ್ತೇನೆ. ಅದಕ್ಕೆ ಶಾಲು ಬೇಡ.

ಇತಿ,
ಒಬ್ಬ ನಿವೃತ್ತ ಲಿಫ್ಟ್ ಮೆಕ್ಯಾನಿಕ್,
ಡೊಂಬಿವಲಿ ಪೂರ್ವ