ಗೆಳೆಯನಿಗೊಂದು ಪತ್ರ: ಯೋತ್ಸುಯಾದ ಆ ಮೆಟ್ಟಿಲಿಂದ

ಲೋ ಮಗಾ,

ಹೋಗ್ಬಂದೆ ಕಣೋ. ಆ ಮೆಟ್ಟಿಲಿಗೇ. ಹಾಸ್ಟೆಲ್‌ನಲ್ಲಿ ರಾತ್ರಿ ಎರಡು ಗಂಟೆಗೆ ನಿನ್ನ ಸ್ಕ್ರೀನ್ ಒಡೆದ ಲ್ಯಾಪ್‌ಟಾಪಲ್ಲಿ 'ಯುವರ್ ನೇಮ್' ಅನ್ನೋ ಜಪಾನಿ ಅನಿಮೆ, ಅಂದ್ರೆ ಚಿತ್ರ ಬಿಡಿಸಿ ಮಾಡಿದ ಸಿನಿಮಾ, ಹಾಕಿ, ಕೊನೇ ಸೀನಿಗೆ ಕಣ್ಣೊರೆಸ್ಕೊಂಡು "ಧೂಳು ಬಿತ್ತು" ಅಂದ್ಯಲ್ಲ, ಆ ಮೆಟ್ಟಿಲು. ಆಫೀಸಿಂದ ಮೂರು ವಾರ ಟೋಕಿಯೋಗೆ ಕಳಿಸಿದ್ರು, ಮೊದಲನೇ ಭಾನುವಾರಾನೇ ಹೊರಟುಬಿಟ್ಟೆ.

ಯೋತ್ಸುಯಾ ಸಾನ್‌ಚೋಮೆ ಸ್ಟೇಷನ್ನಲ್ಲಿ ಇಳಿದು ಗಲ್ಲಿ ಗಲ್ಲಿ ಸುತ್ತಿ ಹೋಗ್ಬೇಕು. ನಾನೋ ದೊಡ್ಡ ಬೋರ್ಡು, ಟಿಕೆಟ್ ಕೌಂಟರು, ಟೀ ಶರ್ಟ್ ಅಂಗಡಿ ಎಲ್ಲ ಇರತ್ತೆ ಅಂದ್ಕೊಂಡಿದ್ದೆ. ಏನೂ ಇಲ್ಲ ಮಾರಾಯಾ! ಸುತ್ತ ಮನೆಗಳು, ಬಾಲ್ಕನೀಲಿ ಒಣಗಾಕಿರೋ ಬಟ್ಟೆ, ತಲೆ ಮೇಲೆ ಕರೆಂಟ್ ವೈರು, ಮಧ್ಯೆ ಸುಗಾ ಶ್ರೈನ್ ಅನ್ನೋ ದೇವಸ್ಥಾನಕ್ಕೆ ಹತ್ತೋ ಮೆಟ್ಟಿಲು, ಕೆಂಪು ರೇಲಿಂಗು. ಅಷ್ಟೇ. ಸಿನಿಮಾದಲ್ಲಿ ಆಕಾಶ ಅರ್ಧ ಫ್ರೇಮ್ ತುಂಬಿರತ್ತಲ್ಲ, ಇಲ್ಲಿ ಕತ್ತೆತ್ತಿ ಹುಡುಕಬೇಕು. ಫೋನ್ ಹಿಡ್ಕೊಂಡು ಎರಡು ಮೆಟ್ಟಿಲು ಮೇಲೆ, ಒಂದು ಕೆಳಗೆ, ಕೂತು, ಬಗ್ಗಿ ಎಲ್ಲಾ ಟ್ರೈ ಮಾಡ್ದೆ, ಆ ಫ್ರೇಮ್ ಸಿಗಲೇ ಇಲ್ಲ. ಆಮೇಲೆ ಹೊಳೀತು, ಚಿತ್ರ ಬಿಡ್ಸಿದವನಿಗೆ ಗಾಳೀಲೂ ನಿಂತ್ಕೋಬಹುದು, ನನಗೆ ಆಗಲ್ಲ. ಆದ್ರೆ ವೈರು ಮಾತ್ರ ಡೈರೆಕ್ಟರ್ ಶಿಂಕಾಯ್ ಒಂದೂ ಬಿಟ್ಟಿಲ್ಲ ನೋಡು. ನಾವು ಫೋಟೋದಿಂದ ಅಳಿಸಿಹಾಕೋದನ್ನೆಲ್ಲ ಆ ಮನುಷ್ಯ ಕೂತು ಬರೆಸಿದಾನೆ.

ಇನ್ನೊಂದು, ನಗಬೇಡ. ಸಿನಿಮಾ ಕೊನೇಲಿ ಹೀರೋ, ಹೀರೋಯಿನ್ ಇಬ್ರೂ ಪಕ್ಕ ಪಕ್ಕದ ಟ್ರೈನಿಂದ ಒಬ್ಬರನ್ನೊಬ್ರು ನೋಡಿ, ಇಳಿದು ಓಡ್ತಾರಲ್ಲ? ಅವನು ಇಳಿಯೋ ಶಿಂಜುಕು ಸ್ಟೇಷನ್ನಿಂದ ಈ ಮೆಟ್ಟಿಲಿಗೆ ಎರಡು ಕಿಲೋಮೀಟರಿಗಿಂತ ಜಾಸ್ತಿ ಇದೆ. ನಾನು ನಡೆದು ನೋಡ್ದೆ, ಅರ್ಧ ದಾರೀಲೇ ವೆಂಡಿಂಗ್ ಮಷಿನ್ ಹುಡುಕ್ತಿದ್ದೆ. ಪ್ರೀತಿ ಅಂದ್ರೆ ಸುಮ್ನೆ ಅಲ್ಲಪ್ಪಾ.

ಹಿಂಗೆ ಅನಿಮೆ ಜಾಗ ನೋಡಕ್ಕೆ ಹೋಗೋದಕ್ಕೆ ಇಲ್ಲಿ 'ಸೇಯ್ಚಿ ಜುನ್ರೇಯ್' ಅಂತಾರೆ, ಅಂದ್ರೆ ಪುಣ್ಯಕ್ಷೇತ್ರ ಯಾತ್ರೆ. ಶಿಕೊಕು ದ್ವೀಪದಲ್ಲಿ 88 ದೇವಸ್ಥಾನಗಳ ಹಳೇ ಯಾತ್ರೆ ಇದೆಯಲ್ಲ, ಅದೇ ಲೆಕ್ಕದಲ್ಲಿ ಅನಿಮೆ ಜಾಗಗಳಿಗೂ 88ರ ಪಟ್ಟಿ ಮಾಡಿದಾರೆ. ನಮ್ಮಲ್ಲಿ ಧರ್ಮಸ್ಥಳ ಮುಗಿಸ್ಕೊಂಡು ಹಂಗೇ ಸುಬ್ರಹ್ಮಣ್ಯ ಅಂತೀವಲ್ಲ, ಥೇಟ್ ಹಂಗೇ. ತಮಾಷೆ ಏನಂದ್ರೆ ಬಂದವರಲ್ಲಿ ಮುಕ್ಕಾಲು ಜನ ಮೆಟ್ಟಿಲಲ್ಲೇ ಫೋಟೋ ತೆಗ್ದು ವಾಪಸ್ಸು, ಮೇಲಿರೋ ನಿಜವಾದ ದೇವರನ್ನ ಕೇಳೋರಿಲ್ಲ. ನಾನು ಹತ್ತಿ ಕೈಮುಗಿದೆ, ಅಮ್ಮನಿಗೆ ಹೇಳಕ್ಕಾದ್ರೂ ಬೇಕಲ್ಲ. ಅಲ್ಲಿ 36 ಜನ ಹಳೇ ಕವಿಗಳ ಚಿತ್ರಪಟ ಇವೆ. ಹರಕೆ ಬರೆದು ನೇತುಹಾಕೋ ಮರದ ಹಲಗೆಗಳಲ್ಲಿ ಮಾತ್ರ ಎಲ್ಲಾ ಸಿನಿಮಾದ ಆ ಜೋಡಿ, ತಾಕಿ, ಮಿತ್ಸುಹಾ.

ಕಾಮಾಕುರಾಗೂ ಹೋಗಿದ್ದೆ, 'ಸ್ಲ್ಯಾಮ್ ಡಂಕ್' ಅನ್ನೋ ಬಾಸ್ಕೆಟ್‌ಬಾಲ್ ಅನಿಮೆಯ ಕ್ರಾಸಿಂಗಿಗೆ. 1993ರ ಟಿವಿ ಸೀರೀಸಿನ ಓಪನಿಂಗಲ್ಲಿ ಬರೋ ರೈಲ್ವೇ ಗೇಟು, ಹಿಂದೆ ಸಮುದ್ರ, ಹಸಿರು ಬಣ್ಣದ ಎನೊದೆನ್ ಟ್ರೈನು. ಟ್ರೈನ್ ಸೂಪರ್, ಮನೆಗಳ ಕಾಂಪೌಂಡ್ ಸವರ್ಕೊಂಡು ಹೋಗತ್ತೆ. ಕ್ರಾಸಿಂಗ್ ಹತ್ರ ಮಾತ್ರ ಜಾತ್ರೆ ಗುರು. ರಸ್ತೆ ಮಧ್ಯೆ ನಿಂತವರನ್ನ ಗಾರ್ಡ್ ಒಬ್ಬ ಕೈ ಮಾಡಿ ಮಾಡಿ ಸರಿಸ್ತಿದ್ದ, ಹಾರ್ನ್ ಹೊಡೀದೆ ಸುಮ್ನೆ ಕಾಯ್ತಿರೋ ಕಾರುಗಳು, ಮನೆ ಗೇಟ್ ತೆಗೆಯಕ್ಕಾಗದೆ ಸ್ಕೂಟರ್ ಹಿಡ್ಕೊಂಡು ನಿಂತಿರೋ ಒಬ್ಬ ಅಜ್ಜ. ನಾನೂ ಆ ಗುಂಪಲ್ಲೇ ಒಬ್ಬ ಅಂತ ನೆನಪಾಗಿ ನಾಚಿಕೆ ಆಯ್ತು, ಒಂದೇ ಫೋಟೋ ತೆಗ್ದು ಪ್ಲಾಟ್‌ಫಾರ್ಮಿಗೆ ವಾಪಸ್ ಬಂದು ಬೆಂಚ್ ಮೇಲೆ ಕೂತು ಸಮುದ್ರ ನೋಡ್ದೆ. ಅದೇ ಚೆನ್ನಾಗಿತ್ತು.

ಇಷ್ಟ ಆಗಿದ್ದು ಶಿಂಜುಕು ಗ್ಯೋಎನ್ ಪಾರ್ಕು. ಅದೇ ಶಿಂಕಾಯ್‌ನ 2013ರ ಸಿನಿಮಾ 'ಗಾರ್ಡನ್ ಆಫ್ ವರ್ಡ್ಸ್' ಇದೆಯಲ್ಲ, ಬರೀ 46 ನಿಮಿಷದ್ದು, ನೀನು "ಕಥೇನೇ ಇಲ್ಲ, ಬರೀ ಮಳೆ" ಅಂತ ಬೈದಿದ್ದು, ಅದರದ್ದು. ಸೋಮವಾರ ರಜೆ ಹಾಕಿ ಹೋದೆ, ಗೇಟ್ ಬಂದ್! ಸೋಮವಾರ ಪಾರ್ಕಿಗೇ ರಜೆ ಅಂತೆ. ಶನಿವಾರ ಮತ್ತೆ ಹೋದೆ, 500 ಯೆನ್ ಕೊಟ್ಟು, ಜಿಟಿ ಜಿಟಿ ಮಳೇಲಿ. ಕೊಳದ ಹತ್ರ ಆ ಮರದ ಮಂಟಪ ಇದ್ದಹಂಗೇ ಇದೆ. ಸಿನಿಮಾದಲ್ಲಿ ಹೀರೋಯಿನ್ ಬೆಳಬೆಳಗ್ಗೆ ಕೂತು ಬಿಯರ್ ಕುಡೀತಾಳೆ, ನಿಜವಾಗ್ಲೂ ಅಲ್ಲಿ ಹೆಂಡ ನಿಷೇಧ. ನಾನು ಹೋದಾಗ ಒಳಗೆ ಒಬ್ಬ ಅಂಕಲ್ ಕೂತು ಡಬ್ಬಿ ಬಿಚ್ಚಿ ಅನ್ನದುಂಡೆ ತಿಂತಿದ್ರು, ಸ್ವಲ್ಪ ಸರ್ಕೊಂಡು ಜಾಗ ಕೊಟ್ರು. ಇಬ್ರೂ ಮಾತಾಡ್ಲಿಲ್ಲ, ನನಗೆ ಜಪಾನೀಸ್ ಬರಲ್ಲ, ಅವರಿಗೆ ಮಾತು ಬೇಕಿರಲಿಲ್ಲ. ನಲವತ್ತು ನಿಮಿಷ ಕೂತಿದ್ದೀನಿ ಕಣೋ, ಮಳೆ ನೋಡ್ಕೊಂಡು. ಕಥೇನೇ ಇಲ್ಲ, ನೀನು ಹೇಳಿದ್ದು ಸರಿ.

ಮೆಟ್ಟಿಲಿನ ಫೋಟೋ ಕಳಿಸ್ತಿದೀನಿ, ವೈರು ಸಮೇತ. ಎಡಗಡೆ ಬ್ಲರ್ ಆಗಿರೋದು ಈರುಳ್ಳಿ ಸೊಪ್ಪಿನ ಚೀಲ ಹಿಡ್ದು ಇಳೀತಿದ್ದ ಅಜ್ಜಿ, ಕ್ರಾಪ್ ಮಾಡಬೇಡ. ಬರೋದಾದ್ರೆ ಸೋಮವಾರ ಬಿಟ್ಟು ಬಾ, ಛತ್ರಿ ತಗೊಂಡು ಬಾ.

ನಿನ್ನ,
ಅದೇ ರೂಮ್‌ಮೇಟು